ಒಂದನೇ ಕ್ಲಾಸಿಗೆ ಯಾವ ಖಾಸಗಿ ಶಾಲೆ? ದಾವಣಗೆರೆಯಲ್ಲಿ ಫೀ ಕಟ್ಟೋ ಮುಂಚೆ ಏನೇನು ನೋಡಬೇಕು

ನಿಟುವಳ್ಳಿ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳ ಯುಕೆಜಿ ಮುಗೀತಾ ಬಂತು, ಜೂನ್ 1ಕ್ಕೆ ಆರು ವರ್ಷ ತುಂಬಿರುತ್ತೆ. ಮನೆ ನಿಟುವಳ್ಳಿಯಲ್ಲಿ. ಈಗ ಮೂರು ಶಾಲೆ ಲೆಕ್ಕದಲ್ಲಿವೆ.

ಒಂದು, ಮನೆಯಿಂದ ಒಂದು ಕಿಲೋಮೀಟರ್. ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ. ಹಳೇ ಕಟ್ಟಡ. ವರ್ಷಕ್ಕೆ 28 ಸಾವಿರ.

ಎರಡು, ಹರಿಹರ ರಸ್ತೆ ಕಡೆ, 9 ಕಿಲೋಮೀಟರ್. ಸಿಬಿಎಸ್‌ಇ. 62 ಸಾವಿರ, ವ್ಯಾನಿಗೆ ಬೇರೆ.

ಮೂರು, ಹೊಸದಾಗಿ ಶುರುವಾದದ್ದು. ಬೋರ್ಡಿನ ಮೇಲೆ ‘ಇಂಟರ್‌ನ್ಯಾಷನಲ್’ ಅಂತಿದೆ, ಕೇಳಿದರೆ ‘ಸಿಬಿಎಸ್‌ಇ ಪ್ಯಾಟರ್ನ್’ ಅಂತಾರೆ. 45 ಸಾವಿರ. ಈ ಶನಿವಾರದೊಳಗೆ ಕಟ್ಟಿದರೆ ಅಡ್ಮಿಷನ್ ಫೀ ಬಿಡ್ತೀವಿ ಅಂದಿದ್ದಾರೆ.

ಮನೆಯವರಿಗೆ ಎರಡನೇದರ ಮೇಲೆ ಮನಸ್ಸು, ಅತ್ತೆಯವರಿಗೆ ಹತ್ತಿರದ್ದೇ ಆಗಲಿ ಅಂತ. ಶಾಲೆಗಳ ಹೆಸರು ಯಾರೂ ಹಾಕಬೇಡಿ. ಯಾವ ಕಾಗದ ಕೇಳಬೇಕು, ಹೋದಾಗ ಏನು ನೋಡಬೇಕು ಅನ್ನೋದನ್ನ ಗೊತ್ತಿದ್ದವರು ಬಿಡಿಸಿ ಹೇಳಿ.

ಕಡತ_ಮೇಜು

ಮೇಡಂ, ಮೂರನೇ ಶಾಲೆಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಅಲ್ಲಿ ಗಡುವು ಇದೆ. ದಯವಿಟ್ಟು ಶನಿವಾರ ದುಡ್ಡು ಕಟ್ಟಬೇಡಿ.

‘ಸಿಬಿಎಸ್‌ಇ ಪ್ಯಾಟರ್ನ್’ ಅನ್ನೋ ಮಾನ್ಯತೆಯೇ ಇಲ್ಲ. ಶಾಲೆಗೆ ಸಿಬಿಎಸ್‌ಇ ಸಂಯೋಜನೆ (ಅಫಿಲಿಯೇಷನ್) ಇರುತ್ತೆ, ಇಲ್ಲಾಂದ್ರೆ ಇರಲ್ಲ. ಇದ್ದರೆ ಒಂದು ಸಂಯೋಜನಾ ಸಂಖ್ಯೆ ಇರುತ್ತೆ. ಕರ್ನಾಟಕದ ಖಾಸಗಿ ಶಾಲೆಗಳದ್ದು 83ರಿಂದ ಶುರುವಾಗುತ್ತೆ. ಮಂಡಳಿಯ ‘ಸರಸ್’ ಪೋರ್ಟಲಿನಲ್ಲಿ ರಾಜ್ಯ, ಜಿಲ್ಲೆ ಹಾಕಿ ಹುಡುಕಿದರೆ ಶಾಲೆಯ ವಿಳಾಸ, ಸಂಯೋಜನೆ ಯಾವ ಹಂತದವರೆಗೆ, ಯಾವ ವರ್ಷದಿಂದ ಯಾವ ವರ್ಷದವರೆಗೆ ಅನ್ನೋದು ಬರುತ್ತೆ. ವಿಳಾಸವನ್ನ ಅಕ್ಷರ ಬಿಡದೆ ಓದಿ. ಒಂದೇ ಟ್ರಸ್ಟು ಬೇರೆ ಊರಲ್ಲಿ ನಡೆಸೋ ಶಾಲೆಯ ಸಂಖ್ಯೆಯನ್ನ ಇಲ್ಲಿನ ಬ್ಯಾನರ್ ಮೇಲೆ ಅಚ್ಚು ಹಾಕಿಸೋದುಂಟು. ಸಂಯೋಜನೆ ಟ್ರಸ್ಟಿಗೆ ಸಿಗೋದಲ್ಲ, ಆ ಜಾಗದಲ್ಲಿರೋ ಆ ಶಾಲೆಗೆ ಸಿಗೋದು. ‘ಅರ್ಜಿ ಹಾಕಿದ್ದೀವಿ, ಬರುತ್ತೆ’ ಅಂದರೆ ಇವತ್ತಿಗೆ ಇಲ್ಲ ಅಂತಲೇ ಅರ್ಥ.

ಸಂಯೋಜನೆ ಇಲ್ಲದಿದ್ದ ಮಾತ್ರಕ್ಕೆ ಶಾಲೆ ಕೆಟ್ಟದ್ದು ಅಂತಲ್ಲ. ಆದರೆ ಆಗ ಅದು ರಾಜ್ಯ ಶಿಕ್ಷಣ ಇಲಾಖೆಯ ಮಾನ್ಯತೆಯ ಮೇಲೆ ನಡೀತಿರಬೇಕು. ಆ ಮಾನ್ಯತೆ ಪತ್ರದಲ್ಲಿ ನಾಲ್ಕು ವಿಷಯ ನೋಡಿ: ಯಾವ ತರಗತಿಯಿಂದ ಯಾವ ತರಗತಿವರೆಗೆ, ಯಾವ ಮಾಧ್ಯಮ, ಯಾವ ವಿಳಾಸ, ಯಾವ ವರ್ಷದವರೆಗೆ ನವೀಕರಣ. ಎಡವೋದು ಇಲ್ಲೇ. ಪತ್ರದಲ್ಲಿ 1ರಿಂದ 5 ಅಂತಿರುತ್ತೆ, ಶಾಲೆಯಲ್ಲಿ 7ನೇ ಕ್ಲಾಸ್ ನಡೀತಿರುತ್ತೆ. ಪತ್ರದಲ್ಲಿ ಕನ್ನಡ ಮಾಧ್ಯಮ ಅಂತಿರುತ್ತೆ, ಪಾಠ ಇಂಗ್ಲಿಷಿನಲ್ಲಿ. ಹಳೇ ಬಾಡಿಗೆ ಕಟ್ಟಡದ ವಿಳಾಸಕ್ಕೆ ಮಾನ್ಯತೆ ಇರುತ್ತೆ, ಶಾಲೆ ಹೊಸ ಬಡಾವಣೆಗೆ ಹೋಗಿರುತ್ತೆ.

ಇದರಿಂದ ಮಗುವಿಗೆ ಏನು ತೊಂದರೆ ಅಂತೀರಾ? ಮಾನ್ಯತೆ ಇಲ್ಲದ ತರಗತಿಯ ಮಕ್ಕಳ ಹೆಸರನ್ನ ಇನ್ನೊಂದು ಶಾಲೆಯ ದಾಖಲೆಗೆ ಸೇರಿಸ್ತಾರೆ. ಪಾಠ ಇಲ್ಲಿ, ದಾಖಲಾತಿ ಅಲ್ಲಿ. ಕೊನೆಗೆ ಟಿಸಿ ಕೈಗೆ ಬಂದಾಗ ಮಗು ಒಂದು ದಿನವೂ ಕಾಲಿಡದ ಶಾಲೆಯ ಹೆಸರು ಅದರಲ್ಲಿರುತ್ತೆ. ಶಿಕ್ಷಣ ಹಕ್ಕು ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ 1 ಲಕ್ಷದವರೆಗೆ ದಂಡ, ಆಮೇಲೂ ನಡೆಸಿದರೆ ದಿನಕ್ಕೆ 10 ಸಾವಿರ. ಆ ದಂಡ ಆಡಳಿತ ಮಂಡಳಿಗೆ. ಮಗುವಿನ ದಾಖಲೆ ಸರಿಪಡಿಸಲು ಓಡಾಡೋದು ಮಾತ್ರ ತಂದೆತಾಯಿ.

ಇನ್ನೊಂದು ಸುಲಭದ ದಾರಿ ಇದೆ. ಪ್ರತಿ ಶಾಲೆಗೂ 11 ಅಂಕಿಯ ಯು-ಡೈಸ್ ಸಂಖ್ಯೆ ಇರುತ್ತೆ, ನಮ್ಮ ರಾಜ್ಯದ್ದು 29ರಿಂದ ಶುರು. ಯು-ಡೈಸ್ ಪ್ಲಸ್ ತಾಣದಲ್ಲಿ ಆ ಸಂಖ್ಯೆ ಹಾಕಿದರೆ ಶಾಲೆಯ ವರದಿ ಕಾರ್ಡ್ ಸಿಗುತ್ತೆ: ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ಎಷ್ಟು ಕೊಠಡಿ, ಯಾವ ತರಗತಿವರೆಗೆ. ಆಫೀಸಿನವರು ಬಾಯಲ್ಲಿ ಹೇಳಿದ್ದಕ್ಕೂ ಈ ಕಾರ್ಡಿಗೂ ಹೊಂದಿಸಿ ನೋಡಿ.

ಕೆಟಿಜೆ_ನಗರ

ಮಾನ್ಯತೆ ಪತ್ರ ತೋರಿಸಿ ಅಂದ್ರೆ ‘ಅದೆಲ್ಲ ಹೆಡ್ ಆಫೀಸಲ್ಲಿದೆ’ ಅಂತಾರಲ್ರೀ, ಆಗ ಏನು ಮಾಡೋದು?

ಕಡತ_ಮೇಜು

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ ಸರ್. ದಾವಣಗೆರೆಯಲ್ಲಿ ಉತ್ತರ ವಲಯ, ದಕ್ಷಿಣ ವಲಯ ಅಂತ ಎರಡು ಬಿಇಒ ಕಚೇರಿ ಇವೆ. ಶಾಲೆ ಯಾವ ವಲಯಕ್ಕೆ ಬರುತ್ತೆ ಅಂತ ಮೊದಲು ತಿಳ್ಕೊಂಡು ಹೋಗಿ, ಇಲ್ಲಾಂದ್ರೆ ಒಂದು ಓಡಾಟ ದಂಡ. ಬಾಯಿ ಮಾತಿಗೆ ಉತ್ತರ ಬರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಈ ಶಾಲೆಯ ಚಾಲ್ತಿ ಮಾನ್ಯತೆ ಆದೇಶದ ಪ್ರತಿ ಕೊಡಿ’ ಅನ್ನೋ ಒಂದು ವಾಕ್ಯ ಸಾಕು. 30 ದಿನ ಹಿಡಿಯುತ್ತೆ, ಅದಕ್ಕೇ ಇದನ್ನ ಜನವರಿಯಲ್ಲೇ ಮಾಡಬೇಕು, ಮೇ ತಿಂಗಳಲ್ಲಲ್ಲ.

ಕಪ್ಪುಹಲಗೆ

ಕಾಗದದ ವಿಷಯ ಸರಿಯಾಗಿ ಹೇಳಿದ್ದಾರೆ. ನಾನು ಪಾಠದ ವಿಷಯ ಬರೀತೀನಿ. ಪ್ರಾಥಮಿಕ ಹಂತದಲ್ಲಿ ಬೋರ್ಡ್ ಯಾವುದು ಅನ್ನೋದಕ್ಕಿಂತ ಒಂದರಿಂದ ಮೂರನೇ ಕ್ಲಾಸಿನ ಟೀಚರ್ ಯಾರು, ಅವರು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಅನ್ನೋದೇ ದೊಡ್ಡದು. ಅದನ್ನ ಕಂಡುಹಿಡಿಯೋಕೆ ಶಾಲೆಯ ಆಫೀಸಿಗೆ ಹೋಗಬೇಕಿಲ್ಲ. ನಿಮ್ಮ ಬೀದಿಯಲ್ಲಿ ಆ ಶಾಲೆಯ ಎರಡನೇ ಕ್ಲಾಸಿನ ಮಗು ಇದ್ದರೆ, ಅವರಮ್ಮನ್ನ ಕೇಳಿ, ಮಗುವಿನ ಕನ್ನಡ ಮತ್ತು ಗಣಿತದ ನೋಟ್‌ಬುಕ್ ಅರ್ಧ ಗಂಟೆ ಇಸ್ಕೊಂಡು ನೋಡಿ.

ಗಣಿತದ ಪುಸ್ತಕದಲ್ಲಿ ದಶಕ ಎರವಲು ಪಡೆಯೋ ಕಳೆಯುವ ಲೆಕ್ಕ ಹುಡುಕಿ. ಉದಾಹರಣೆಗೆ 42ರಲ್ಲಿ 17 ಕಳೆಯೋದು. ಉತ್ತರ 25. ಬಹಳ ಮಕ್ಕಳು 35 ಅಂತ ಬರೀತಾರೆ. ಯಾಕೆ ಅಂದ್ರೆ ಬಿಡಿ ಸ್ಥಾನದಲ್ಲಿ 2ರಲ್ಲಿ 7 ಹೋಗಲ್ಲ, ಅದಕ್ಕೆ ತಿರುಗಿಸಿ 7ರಲ್ಲಿ 2 ಕಳೆದು 5 ಬರೀತಾರೆ, ಹತ್ತರ ಸ್ಥಾನದಲ್ಲಿ 4ರಲ್ಲಿ 1 ಕಳೆದು 3. ಮಗು ತಪ್ಪು ಮಾಡಿದೆಯಾ ಅನ್ನೋದು ಮುಖ್ಯ ಅಲ್ಲ, ಎಲ್ಲ ಮಕ್ಕಳೂ ಮಾಡ್ತಾರೆ. ಆ 35ರ ಮೇಲೆ ಕೆಂಪು ಪೆನ್ನು ಏನು ಮಾಡಿದೆ ಅಂತ ನೋಡಿ. ರೈಟ್ ಮಾರ್ಕ್ ಬಿದ್ದಿದ್ದರೆ ಟೀಚರ್ ಓದಿಲ್ಲ. ಬರೀ ಇಂಟು ಹಾಕಿ, ಕೆಳಗೆ ಮಗು ‘25’ ಅಂತ ಐದು ಸಲ ಬರೆದಿದ್ದರೆ ಟೀಚರಿಗೆ ಓದೋಕೆ ಪುರುಸೊತ್ತಿದೆ, ಕಲಿಸೋಕೆ ಇಲ್ಲ. ಪಕ್ಕದಲ್ಲಿ ನಾಲ್ಕು ಕಟ್ಟು ಕಡ್ಡಿ, ಎರಡು ಬಿಡಿ ಕಡ್ಡಿ ಬರೆದು, ಒಂದು ಕಟ್ಟು ಬಿಚ್ಚಿ ಹನ್ನೆರಡು ಬಿಡಿ ಮಾಡಿ ತೋರಿಸಿದ್ದರೆ, ಆ ಟೀಚರ್ ಇರೋ ಶಾಲೆಗೆ ಕಣ್ಣುಮುಚ್ಚಿ ಸೇರಿಸಿ.

ಕನ್ನಡ ಪುಸ್ತಕದಲ್ಲಿ ಒತ್ತಕ್ಷರ ನೋಡಿ. ‘ಅಕ್ಕ’ ಬದಲು ‘ಅಕ’, ‘ಹಣ್ಣು’ ಬದಲು ‘ಹಣು’ ಅಂತ ಇರುತ್ತೆ. ತಿದ್ದಿದ್ದಾರಾ? ಪ್ರಶ್ನೋತ್ತರ ಇದ್ದರೆ ಇಬ್ಬರು ಮಕ್ಕಳ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿ. ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ ಬೋರ್ಡಿನ ಮೇಲೆ ಬರೆದದ್ದನ್ನ ನಕಲು ಮಾಡಿಸಿದ್ದಾರೆ ಅಂತ. ಇಂಥ ಪುಸ್ತಕ ದುಂಡಗೆ, ಚೆಂದಾಗಿ ಕಾಣುತ್ತೆ, ತಂದೆತಾಯಿ ಮೋಸ ಹೋಗೋದೂ ಅಲ್ಲೇ. ಆ ಮಗುವಿಗೆ ಅದೇ ಪಾಠದ ಬೇರೆ ಒಂದು ವಾಕ್ಯ ತೋರಿಸಿ ಓದು ಅಂದರೆ ಓದೋಕೆ ಬರಲ್ಲ.

ಕೊನೆಗೆ, ಜೂನ್‌ನಿಂದ ಇಲ್ಲೀವರೆಗೆ ಸಹಿಗಳನ್ನ ನೋಡ್ತಾ ಹೋಗಿ. ಒಂದೇ ವರ್ಷದಲ್ಲಿ ಮೂರು ಬೇರೆ ಕೈಬರಹ ಇದ್ದರೆ ಮೂರು ಟೀಚರ್ ಬದಲಾಗಿದ್ದಾರೆ. ನಡುವೆ ಎರಡು ವಾರ ಸಹಿಯೇ ಇಲ್ಲದ ಪುಟಗಳಿದ್ದರೆ ಆ ಎರಡು ವಾರ ಕ್ಲಾಸಿಗೆ ಟೀಚರೇ ಇರಲಿಲ್ಲ. ಕಡಿಮೆ ಸಂಬಳದ ಶಾಲೆಗಳಲ್ಲಿ ನಡುವರ್ಷ ಟೀಚರ್ ಬಿಟ್ಟು ಹೋಗೋದು ಜಾಸ್ತಿ, ಫೀ ದೊಡ್ಡದಿದ್ದರೆ ಸಂಬಳವೂ ದೊಡ್ಡದು ಅಂದ್ಕೋಬೇಡಿ.

ಯಾವ ಮಟ್ಟಕ್ಕೆ ಬಂದಿರಬೇಕು ಅನ್ನೋದಕ್ಕೆ ಕೇಂದ್ರ ಸರ್ಕಾರದ ‘ನಿಪುಣ್ ಭಾರತ್’ ಗುರಿಗಳನ್ನ ಇಟ್ಕೊಳ್ಳಿ. ಒಂದನೇ ತರಗತಿ ಮುಗಿಯೋ ಹೊತ್ತಿಗೆ ನಾಲ್ಕೈದು ಸರಳ ಪದದ ವಾಕ್ಯ ಓದಬೇಕು, 99ರವರೆಗೆ ಸಂಖ್ಯೆ ಗೊತ್ತಿರಬೇಕು. ಎರಡನೇ ತರಗತಿ ಮುಗಿದಾಗ ನಿಮಿಷಕ್ಕೆ 45ರಿಂದ 60 ಪದ ಅರ್ಥ ತಿಳಿದು ಓದಬೇಕು, 999ರವರೆಗೆ ಸಂಖ್ಯೆ. ಮೂರಕ್ಕೆ ಕನಿಷ್ಠ 60 ಪದ, 9999. ಇದು ದೊಡ್ಡ ಗುರಿಯೇನಲ್ಲ. ಆದರೂ ಹೊಳೆಯೋ ಕಟ್ಟಡದ ಎಷ್ಟೋ ಶಾಲೆಯ ಮಕ್ಕಳು ಇಲ್ಲಿಗೆ ಮುಟ್ಟಿರಲ್ಲ.

ನಿಟುವಳ್ಳಿ_ಅಮ್ಮ

ನೋಟ್‌ಬುಕ್ ವಿಷಯ ನಮ್ಮ ತಲೆಗೇ ಬಂದಿರಲಿಲ್ಲ. ಪಕ್ಕದ ಮನೆಯ ಹುಡುಗಿ ಒಂದನೇ ಶಾಲೆಯಲ್ಲೇ ಮೂರನೇ ಕ್ಲಾಸು, ಕೇಳ್ತೀನಿ. ಆದರೆ ಮುಂದೆ ನೀಟ್, ಜೆಇಇ ಬರೆಯೋದಾದ್ರೆ ಸಿಬಿಎಸ್‌ಇಯಲ್ಲೇ ಓದಬೇಕು ಅಂತ ಎಲ್ಲರೂ ಹೇಳ್ತಾರಲ್ಲ?

ಕಪ್ಪುಹಲಗೆ

ಆ ಮಾತು ಹೈಸ್ಕೂಲಿನಲ್ಲಿ ಆಡೋ ಮಾತು. ಒಂದನೇ ಕ್ಲಾಸಿನಲ್ಲಿ ನೀಟ್ ಇಲ್ಲ ಅಕ್ಕಾ. ಆರರಲ್ಲೋ ಎಂಟರಲ್ಲೋ ಬೋರ್ಡ್ ಬದಲಾಯಿಸೋಕೆ ಆಗುತ್ತೆ, ಓದು ಗಟ್ಟಿ ಇದ್ದರೆ. ಓದು ಗಟ್ಟಿ ಇಲ್ಲದಿದ್ದರೆ ಯಾವ ಬೋರ್ಡೂ ಕೈ ಹಿಡಿಯಲ್ಲ.

ಇನ್ನೊಂದು ವಿಷಯ. ಪ್ರೈಮರಿಯಲ್ಲಿ ‘ಸಿಬಿಎಸ್‌ಇ ಓದು’ ಅಂದರೆ ಏನು ಅಂತ ಪುಸ್ತಕದ ಪಟ್ಟಿ ಇಸ್ಕೊಂಡು ನೋಡಿ. ಒಂದನೇ ತರಗತಿಗೆ ಎನ್‌ಸಿಇಆರ್‌ಟಿ ಪುಸ್ತಕ ಮೂರೇ: ಹಿಂದಿಯ ‘ಸಾರಂಗಿ’, ಇಂಗ್ಲಿಷಿನ ‘ಮೃದಂಗ್’, ಗಣಿತದ್ದೊಂದು. ಒಂದೊಂದಕ್ಕೆ 65 ರೂಪಾಯಿ, ಮೂರೂ ಸೇರಿ 195. ಕನ್ನಡದ ಪುಸ್ತಕ ಬೇರೆ. ಶಾಲೆಯವರು ಪುಸ್ತಕಕ್ಕೆ ಐದಾರು ಸಾವಿರ ಕೇಳಿದರೆ ಅದು ಖಾಸಗಿ ಪ್ರಕಾಶಕರ ಸೆಟ್. ಜಿಕೆ, ಕಂಪ್ಯೂಟರ್, ಮೌಲ್ಯ ಶಿಕ್ಷಣ, ಕರ್ಸಿವ್ ಅಂತ ಹತ್ತು ಹನ್ನೆರಡು ಪುಸ್ತಕ. ಆರು ವರ್ಷದ ಮಗುವಿಗೆ ಅಷ್ಟು ಪುಸ್ತಕ ಮುಗಿಸಬೇಕಾದರೆ ಟೀಚರ್ ಓಡಲೇಬೇಕು, ಓಡೋ ಟೀಚರ್ ಕಡ್ಡಿ ಕಟ್ಟು ಬಿಚ್ಚಿ ತೋರಿಸಲ್ಲ.

ಸ್ಟೇಟ್ ಸಿಲಬಸ್ ಪುಸ್ತಕಗಳನ್ನ ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಿಂದ ಪುಕ್ಕಟೆ ಇಳಿಸಿಕೊಂಡು ನೋಡಬಹುದು. ಎರಡೂ ಪಕ್ಕಪಕ್ಕ ಇಟ್ಟು ನೋಡಿ, ಒಂದು ಸಂಜೆಯ ಕೆಲಸ.

ಬ್ಯಾಗಿನ_ತೂಕ

ಅದಕ್ಕೇ ಸೇರಿಸ್ತೀನಿ: ನಮ್ಮ ರಾಜ್ಯದ 2019ರ ಆದೇಶದ ಪ್ರಕಾರ 1–2ನೇ ತರಗತಿ ಬ್ಯಾಗ್ 1.5ರಿಂದ 2 ಕೆ.ಜಿ., 3–5ನೇ ತರಗತಿಗೆ 2ರಿಂದ 3 ಕೆ.ಜಿ. ಒಂದು ಎರಡನೇ ತರಗತಿಗೆ ಹೋಂವರ್ಕ್ ಇಲ್ಲ. ಶಾಲೆ ಬಿಡೋ ಹೊತ್ತಿಗೆ ಗೇಟ್ ಹತ್ರ ನಿಂತ್ರೆ ಮಕ್ಕಳ ಬೆನ್ನು ನೋಡಿದ್ರೇ ಗೊತ್ತಾಗುತ್ತೆ.

ಹಳೇಪೇಟೆ_ಕನ್ನಡ

ಯಾರೂ ಕನ್ನಡದ ಮಾತೇ ಎತ್ತಲಿಲ್ಲವಲ್ರೀ. ಮನೇಲಿ ಮಗು ಕನ್ನಡ ಮಾತಾಡಿದ್ರೆ ಓದೋದನ್ನ ಮೊದಲು ಕನ್ನಡದಾಗೇ ಕಲೀಬೇಕು. ಯಾಕಂದ್ರೆ ಅಕ್ಷರ ಕೂಡಿಸಿ ಓದಿದ ತಕ್ಷಣ ‘ಓ, ಇದು ನಂಗೆ ಗೊತ್ತಿರೋ ಮಾತು’ ಅಂತ ಹೊಳೀತೈತಿ. ಕನ್ನಡದಾಗೆ ಬರೆದಂಗೇ ಓದೋದು, ಇಂಗ್ಲಿಷಿನಾಗೆ ಹಂಗಲ್ಲ. ಓದೋದು ಅಂದ್ರೇನು ಅಂತ ಒಂದ್ಸಲ ಗೊತ್ತಾದ ಮಗು ಎರಡನೇ ಭಾಷೆಗೆ ಬೇಗ ದಾಟ್ತೈತಿ.

2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ಯಾವ ಬೋರ್ಡಿನ ಶಾಲೆಯಾದ್ರೂ ಕನ್ನಡ ಒಂದನೇ ಇಲ್ಲಾ ಎರಡನೇ ಭಾಷೆ ಆಗಿ ಕಲಿಸಲೇಬೇಕು. ಕಲಿಸ್ತೀವಿ ಅಂತ ಎಲ್ಲರೂ ಅಂತಾರೆ. ನೀವು ವೇಳಾಪಟ್ಟಿ ಕೇಳ್ರಿ. ವಾರಕ್ಕೆ ಎಷ್ಟು ಪೀರಿಯಡ್, ದಿನದ ಯಾವ ಹೊತ್ತಿಗೆ, ಕಲಿಸೋರು ಕನ್ನಡ ಓದಿದವರಾ ಅಥವಾ ಖಾಲಿ ಇದ್ದ ಟೀಚರನ್ನ ಕಳಸ್ತಾರಾ. ವಾರಕ್ಕೆ ಎರಡು ಪೀರಿಯಡ್, ಅದೂ ಕೊನೇ ಪೀರಿಯಡ್ ಅಂದ್ರೆ ಹೆಸರಿಗೆ ಮಾತ್ರ. ಇನ್ನೊಂದು ಕೇಳ್ರಿ: ಆಟದ ಬಯಲಾಗೆ ಮಗು ಕನ್ನಡ ಮಾತಾಡಿದ್ರೆ ದಂಡ ಹಾಕ್ತಾರಾ ಅಂತ. ಹಾಕ್ತೀವಿ ಅಂದ್ರೆ ಅಲ್ಲಿಗೇ ಎದ್ದು ಬರ್ರಿ. ಮಗುವಿಗೆ ಮಾನಸಿಕ ಹಿಂಸೆ ಕೊಡಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳ್ತೈತಿ, ಹೊಡೆಯೋದಷ್ಟೇ ತಪ್ಪಲ್ಲ.

ಆನಗೋಡು_ಕಡೆಯವ

ಹಳ್ಳಿ ಕಡೆಯಿಂದ ದಾವಣಗೆರೆ ಶಾಲೆಗೆ ವ್ಯಾನಿನಲ್ಲಿ ಮಕ್ಕಳನ್ನ ಕಳಿಸೋರು ಇದನ್ನ ಓದಿ. ನವೋದಯ ಪ್ರವೇಶ ಪರೀಕ್ಷೆಯಲ್ಲಿ ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ. ಅದಕ್ಕೆ 3, 4, 5ನೇ ತರಗತಿ ಪೂರ್ತಿ ಗ್ರಾಮೀಣ ಪ್ರದೇಶದ ಮಾನ್ಯತೆ ಪಡೆದ ಶಾಲೆಯಲ್ಲೇ ಓದಿರಬೇಕು. ಮನೆ ಹಳ್ಳಿಯಲ್ಲಿದ್ದು ಮಗು ಪೇಟೆ ಶಾಲೆಯಲ್ಲಿ ಓದಿದರೆ ಆ ಮೀಸಲಾತಿ ಇಲ್ಲ.

ಸಿಇಟಿಯಲ್ಲೂ ಹಾಗೇ. ಗ್ರಾಮೀಣ ಕೋಟಾ ಶೇ 15, 1ರಿಂದ 10ರವರೆಗೆ ಹತ್ತೂ ವರ್ಷ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ. ಕನ್ನಡ ಮಾಧ್ಯಮ ಕೋಟಾ ಶೇ 5, ಅದೂ 1ರಿಂದ 10 ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ. ಹತ್ತು ವರ್ಷದಲ್ಲಿ ಒಂದು ವರ್ಷ ತಪ್ಪಿದರೂ ಹೋಯ್ತು. ಇದೊಂದೇ ಕಾರಣಕ್ಕೆ ಶಾಲೆ ಆರಿಸಿ ಅಂತ ಹೇಳ್ತಿಲ್ಲ, ಕಳ್ಕೊಳ್ಳೋದಾದ್ರೆ ಗೊತ್ತಿದ್ದು ಕಳ್ಕೊಳ್ಳಿ.

ಲೆಕ್ಕದ_ಪುಸ್ತಕ

ಫೀ ವಿಷಯಕ್ಕೆ ಬರ್ತೀನಿ. 28, 45, 62 ಅನ್ನೋ ಸಂಖ್ಯೆಗಳನ್ನ ಈಗಲೇ ಹೋಲಿಸಬೇಡಿ, ಅವು ಒಂದೇ ವಸ್ತುವಿನ ಬೆಲೆ ಅಲ್ಲ. ಒಂದರಲ್ಲಿ ಪುಸ್ತಕ ಸೇರಿರಬಹುದು, ಇನ್ನೊಂದರಲ್ಲಿ ಇಲ್ಲದಿರಬಹುದು. ಮೂರೂ ಕಡೆ ಒಂದೇ ಹಾಳೆ ಹಿಡಿದು ಹೋಗಿ, ಇವನ್ನ ತುಂಬಿಸಿಕೊಳ್ಳಿ: ಬೋಧನಾ ಶುಲ್ಕ, ಒಂದೇ ಸಲದ ಪ್ರವೇಶ ಶುಲ್ಕ, ಅಭಿವೃದ್ಧಿ ಅಥವಾ ಸ್ಮಾರ್ಟ್ ಕ್ಲಾಸ್ ಹೆಸರಿನದು, ಪುಸ್ತಕ ಮತ್ತು ನೋಟ್‌ಬುಕ್, ಯೂನಿಫಾರ್ಮ್ ಎಷ್ಟು ಜೊತೆ (ಬುಧವಾರ, ಶನಿವಾರಕ್ಕೆ ಬೇರೆ ಬಣ್ಣ, ಅದಕ್ಕೆ ಬಿಳಿ ಶೂ ಇದೆಯಾ), ವಾರ್ಷಿಕೋತ್ಸವದ ಡ್ರೆಸ್, ವ್ಯಾನ್ 10 ತಿಂಗಳೋ 12 ತಿಂಗಳೋ. ಕೊನೇ ಸಾಲು ಮರೀಬೇಡಿ: ಕಳೆದ ಮೂರು ವರ್ಷದಲ್ಲಿ ಒಂದನೇ ತರಗತಿ ಫೀ ಎಷ್ಟಿತ್ತು?

ಕೊನೇ ಸಾಲು ಯಾಕೆ ಅಂದ್ರೆ, 40 ಸಾವಿರದ ಫೀ ವರ್ಷಕ್ಕೆ ಶೇ 10 ಏರಿದರೆ ಮಗು 8ನೇ ತರಗತಿಗೆ ಬರೋ ಹೊತ್ತಿಗೆ 78 ಸಾವಿರದ ಹತ್ತಿರ ಬಂದಿರುತ್ತೆ. ಎಂಟು ವರ್ಷದ ಒಟ್ಟು ಸುಮಾರು 4 ಲಕ್ಷ 57 ಸಾವಿರ. ಇದು ಒಂದು ಮಗುವಿಗೆ. ಇನ್ನೊಂದು ಮಗು ಇದ್ದರೆ ಅದನ್ನೂ ಅಲ್ಲೇ ಸೇರಿಸಬೇಕಾಗುತ್ತೆ, ಬೇರೆ ಬೇರೆ ಮಾಡೋಕೆ ಮನಸ್ಸು ಬರಲ್ಲ. ಮೊದಲ ವರ್ಷ ಹೇಗೋ ಕಟ್ಟಿ ನಾಲ್ಕನೇ ತರಗತಿಯಲ್ಲಿ ಬಿಡಿಸೋದಕ್ಕಿಂತ, ಎಂಟು ವರ್ಷ ತಡೆಯೋ ಫೀ ಇರೋ ಕಡೆ ಸೇರಿಸೋದು ಮಗುವಿಗೆ ಒಳ್ಳೇದು.

ರಸೀದಿ ಶಾಲೆ ಅಥವಾ ಟ್ರಸ್ಟಿನ ಹೆಸರಲ್ಲಿರಬೇಕು, ಬೋಧನಾ ಶುಲ್ಕ ಬೇರೆ ಸಾಲಿನಲ್ಲಿ ಕಾಣಬೇಕು. ಹಳೇ ತೆರಿಗೆ ಪದ್ಧತಿಯಲ್ಲಿರೋರಿಗೆ 1.5 ಲಕ್ಷದ ಮಿತಿಯೊಳಗೆ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ವಿನಾಯಿತಿ ಇದೆ. ಡೊನೇಷನ್, ಅಭಿವೃದ್ಧಿ ಶುಲ್ಕ, ವ್ಯಾನ್ ಫೀಗೆ ಇಲ್ಲ. ಎಲ್ಲವನ್ನೂ ಒಟ್ಟಿಗೆ ‘ಸ್ಕೂಲ್ ಫೀ’ ಅಂತ ಬರೆದುಕೊಟ್ಟರೆ ಕಷ್ಟ.

ಬಿಳಿ ಚೀಟಿ ಮೇಲೆ ಡೊನೇಷನ್ ಕೇಳಿದರೆ ಅದು ಕ್ಯಾಪಿಟೇಷನ್. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಅದರ ಹತ್ತು ಪಟ್ಟಿನವರೆಗೆ ದಂಡ ಇದೆ. ಅದೇ ಸೆಕ್ಷನ್ ಮಗುವಿಗೆ ಪ್ರವೇಶ ಪರೀಕ್ಷೆ, ತಂದೆತಾಯಿಗೆ ಇಂಟರ್‌ವ್ಯೂ ಮಾಡೋದನ್ನೂ ನಿಷೇಧಿಸುತ್ತೆ, ಮೊದಲ ಸಲ 25 ಸಾವಿರದವರೆಗೆ, ಆಮೇಲೆ ಪ್ರತಿ ಸಲ 50 ಸಾವಿರದವರೆಗೆ ದಂಡ.

ಕೆಟಿಜೆ_ನಗರ

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯ ಪುಕ್ಕಟೆ) ಸೀಟು ಸಿಗುತ್ತಾ ಖಾಸಗಿ ಶಾಲೆಗಳಲ್ಲಿ?

ಕಡತ_ಮೇಜು

ರಾಜ್ಯದ ನಿಯಮ ತಿದ್ದುಪಡಿ ಆಗಿದೆ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಅನುದಾನರಹಿತ ಶಾಲೆಯ ಶೇ 25ರ ಸೀಟು ಅಲ್ಲಿ ಅನ್ವಯಿಸಲ್ಲ. ಅದನ್ನ ನಂಬಿ ಕೂರಬೇಡಿ.

ಹಳದಿ_ಬೋರ್ಡ್

ಎರಡನೇ ಶಾಲೆ 9 ಕಿಲೋಮೀಟರ್ ಅಂದ್ರಲ್ಲ ಮೇಡಂ, ಬೈಕಿನಲ್ಲಿ ಹೋಗಿ ಬಂದು ‘ಇಪ್ಪತ್ತು ನಿಮಿಷ’ ಅಂತ ಲೆಕ್ಕ ಹಾಕಬೇಡಿ. ವ್ಯಾನ್ ನೇರ ಹೋಗಲ್ಲ, ಬೀದಿ ಬೀದಿ ಸುತ್ತಿ ಮಕ್ಕಳನ್ನ ಹತ್ತಿಸಿಕೊಳ್ಳುತ್ತೆ. ಡ್ರೈವರನ್ನ ಕೇಳಿ: ನಮ್ಮ ಸ್ಟಾಪ್ ಎಷ್ಟನೇದು, ಹತ್ತೋ ಹೊತ್ತು ಎಷ್ಟು, ಸಂಜೆ ಇಳಿಯೋ ಹೊತ್ತು ಎಷ್ಟು. ಮೊದಲು ಹತ್ತೋ ಮಗು ಬಹಳ ಸಲ ಸಂಜೆ ಕೊನೆಗೆ ಇಳಿಯುತ್ತೆ. ದಾರಿಯಲ್ಲಿ ರೈಲ್ವೆ ಹಳಿ ದಾಟಬೇಕಾ, ಮಳೆಗಾಲದಲ್ಲಿ ಕೆಳಸೇತುವೆಯಲ್ಲಿ ನೀರು ನಿಂತರೆ ಯಾವ ಕಡೆಯಿಂದ ಬರ್ತಾರೆ ಅಂತಲೂ ಕೇಳಿ. ಆರು ವರ್ಷದ ಮಗು ವ್ಯಾನಿನಲ್ಲಿ ದಿನಕ್ಕೆ ಎರಡು ಗಂಟೆ ಕಳೆದರೆ ಮನೆಗೆ ಬಂದು ಉಂಡು ಮಲಗೋದಷ್ಟೇ ಉಳಿಯೋದು.

ಗಾಡಿಯ ನಂಬರ್ ಪ್ಲೇಟ್ ನೋಡಿ. ಬಿಳಿ ಪ್ಲೇಟ್ ಖಾಸಗಿ ವಾಹನ, ಬಾಡಿಗೆಗೆ ಮಕ್ಕಳನ್ನ ಸಾಗಿಸೋ ಹಾಗಿಲ್ಲ. ಅಪಘಾತ ಆದರೆ ವಿಮಾ ಕಂಪನಿ ತಕರಾರು ತೆಗೆಯೋದು ಇಲ್ಲೇ. ಹಳದಿ ಪ್ಲೇಟ್ ಇರಬೇಕು. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಪತ್ರ ಅಂದರೆ ಎಫ್‌ಸಿ, ವಿಮೆ ಯಾವಾಗಿನವರೆಗೆ ಅಂತ ಕಾಣುತ್ತೆ. ಬಾಡಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಕಿಟಕಿಗೆ ಅಡ್ಡ ಸರಳು, ಬಾಗಿಲಿಗೆ ಗಟ್ಟಿ ಚಿಲಕ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ಆರಿಸೋ ಸಿಲಿಂಡರ್, ಹೊರಗೆ ಶಾಲೆಯ ಹೆಸರು ಮತ್ತು ಫೋನ್ ನಂಬರ್. ಎಲ್ಲಕ್ಕಿಂತ ಮುಖ್ಯ ಒಬ್ಬ ಆಯಾ ಅಥವಾ ಸಹಾಯಕ. ಮಕ್ಕಳು ಇಳಿದ ಮೇಲೆ ಗಾಡಿಯ ಹಿಂದುಗಡೆಯಿಂದ ರಸ್ತೆ ದಾಟೋವಾಗಲೇ ಅನಾಹುತ ಆಗೋದು, ಡ್ರೈವರಿಗೆ ಅದು ಕಾಣಲ್ಲ. ಕೈ ಹಿಡಿದು ದಾಟಿಸೋರು ಇಲ್ಲದ ವ್ಯಾನಿಗೆ ಮಗುವನ್ನ ಹತ್ತಿಸಬೇಡಿ.

ನೀರು_ಪರೀಕ್ಷೆ

ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯವರು ಕೇಳಲೇಬೇಕಾದ ಪ್ರಶ್ನೆ, ಯಾರೂ ಕೇಳಲ್ಲ: ಶಾಲೆಯ ಕುಡಿಯೋ ನೀರು ಎಲ್ಲಿಯದು? ಪಾಲಿಕೆ ಅಥವಾ ನಗರಸಭೆ ನೀರಾದರೆ ಒಂದು ಲೆಕ್ಕ, ಬೋರ್‌ವೆಲ್ ಆದರೆ ಬೇರೆ ಲೆಕ್ಕ. ಜಗಳೂರು ಕಡೆ, ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕುಡಿಯೋ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಮಿತಿ. ಕಾಯಂ ಹಲ್ಲು ಒಳಗೆ ರೂಪುಗೊಳ್ಳೋದು ಸುಮಾರು ಎಂಟು ವರ್ಷದವರೆಗೆ, ಆ ವಯಸ್ಸಿನಲ್ಲಿ ಜಾಸ್ತಿ ಫ್ಲೋರೈಡ್ ಹೋದರೆ ಹಲ್ಲಿನ ಮೇಲೆ ಬಿಳಿ, ಕಂದು ಕಲೆ ಜೀವನಪೂರ್ತಿ ಉಳಿಯುತ್ತೆ. ಅಂದರೆ ಸರಿಯಾಗಿ ನಿಮ್ಮ ಪ್ರೈಮರಿ ವಯಸ್ಸು.

ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತೆ. ಯುವಿ ಫಿಲ್ಟರ್ ಕ್ರಿಮಿ ಸಾಯಿಸುತ್ತೆ, ಫ್ಲೋರೈಡ್ ತೆಗೆಯಲ್ಲ. ಆರ್‌ಒ ತೆಗೆಯುತ್ತೆ, ಆದರೆ ಪೊರೆ ಬದಲಾಯಿಸಿದ ತಾರೀಖು ಯಂತ್ರದ ಮೇಲೆ ಬರೆದಿದೆಯಾ ನೋಡಿ. ನೀರಿನ ಪರೀಕ್ಷಾ ವರದಿ ತೋರಿಸಿ ಅಂತ ಕೇಳಿ, ತಾರೀಖು ಒಂದು ವರ್ಷದೊಳಗಿರಬೇಕು. ಅದೇ ಸುತ್ತಿನಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೂ ಹೋಗಿ ಬನ್ನಿ. ಬೆಳಿಗ್ಗೆ ಅಲ್ಲ, ಊಟದ ಬಿಡುವಾದ ಮೇಲೆ. ಕದದ ಚಿಲಕ ಆರು ವರ್ಷದ ಮಗುವಿನ ಕೈಗೆ ಎಟಕುತ್ತಾ, ನಲ್ಲಿಯಲ್ಲಿ ನೀರು ಬರುತ್ತಾ. ಶೌಚಾಲಯ ಸರಿ ಇಲ್ಲದ ಶಾಲೆಯಲ್ಲಿ ಹೆಣ್ಣುಮಕ್ಕಳು ನೀರೇ ಕುಡಿಯಲ್ಲ. ಸಂಜೆ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತೆ, ಆಮೇಲೆ ಉರಿಮೂತ್ರ, ಹೊಟ್ಟೆನೋವು.

ಶಾಮನೂರು_ರಸ್ತೆ

ನಮ್ಮ ಅಕ್ಕನ ಮಗ ಜುಲೈನಲ್ಲಿ ಹುಟ್ಟಿದ್ದು. ಒಂದನೇ ಕ್ಲಾಸಿಗೆ ಒಂದೂವರೆ ತಿಂಗಳು ಕಡಿಮೆ ಬೀಳುತ್ತೆ. ಒಂದು ಶಾಲೆಯವರು ‘ಸೇರಿಸ್ಕೊಳ್ತೀವಿ, ಆಮೇಲೆ ನೋಡೋಣ’ ಅಂತಾರೆ.

ಕಡತ_ಮೇಜು

ಆ ‘ಆಮೇಲೆ’ ಅನ್ನೋದು ವಿದ್ಯಾರ್ಥಿಗಳ ಸರ್ಕಾರಿ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಹೆಸರು ಏರಿಸೋವಾಗ ಬರುತ್ತೆ. ಜೂನ್ 1ಕ್ಕೆ 6 ವರ್ಷ ಅನ್ನೋದು ನಿಯಮ. 2025-26ನೇ ಸಾಲಿಗೆ ಮಾತ್ರ ಅಂತ ಹೇಳಿ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಲಿಖಿತ ಆದೇಶ ಕೈಯಲ್ಲಿಲ್ಲದೆ ದುಡ್ಡು ಕಟ್ಟಬೇಡಿ. ಜನನ ಪ್ರಮಾಣಪತ್ರದ ತಾರೀಖು ಬದಲಾಯಿಸೋ ಸಲಹೆ ಯಾರಾದರೂ ಕೊಟ್ಟರೆ ಅದರ ಹತ್ತಿರಕ್ಕೂ ಹೋಗಬೇಡಿ, ಎಸ್ಸೆಸ್ಸೆಲ್ಸಿ, ಪಾಸ್‌ಪೋರ್ಟ್‌ವರೆಗೂ ಅದು ಬೆನ್ನುಹತ್ತುತ್ತೆ. ಒಂದು ವರ್ಷ ದೊಡ್ಡದಾಗಿ ಒಂದನೇ ಕ್ಲಾಸಿಗೆ ಬಂದ ಮಗು ಪೆನ್ಸಿಲ್ ಗಟ್ಟಿಯಾಗಿ ಹಿಡಿಯುತ್ತೆ, ಅದು ನಷ್ಟ ಅಲ್ಲ.

ಕಪ್ಪುಹಲಗೆ

ಶಾಲೆಗೆ ಹೋಗೋ ಮುಂಚೆ ಇನ್ನೆರಡು ಮಾತು. ಒಂದನೇ ತರಗತಿ ಕೊಠಡಿಯನ್ನೇ ತೋರಿಸಿ ಅಂತ ಕೇಳಿ, ಎಲ್ಲರಿಗೂ ತೋರಿಸೋ ಸ್ಮಾರ್ಟ್ ಕ್ಲಾಸ್ ಅಲ್ಲ. ಡೆಸ್ಕ್ ಎಣಿಸಿ, ಒಂದು ಡೆಸ್ಕಿಗೆ ಎಷ್ಟು ಮಕ್ಕಳು ಅಂತ ಗುಣಿಸಿ. ಸಿಬಿಎಸ್‌ಇ ನಿಯಮದಲ್ಲಿ ಒಂದು ಮಗುವಿಗೆ ಕನಿಷ್ಠ ಒಂದು ಚದರ ಮೀಟರ್ ಜಾಗ, ಕೊಠಡಿ ಸುಮಾರು 500 ಚದರ ಅಡಿ ಇರಬೇಕು. ಕೊನೇ ಡೆಸ್ಕಿನಲ್ಲಿ ಕೂತು ಬೋರ್ಡ್ ಓದಿ ನೋಡಿ, ಕಿಟಕಿ ಬೆಳಕು ಬೋರ್ಡಿನ ಮೇಲೆ ಹೊಳೆದು ಕಾಣದೆ ಹೋಗೋದು ಬಹಳ. ತಗಡಿನ ಮಾಡಾದರೆ ಮಾರ್ಚ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ಹೋಗಿ ನಿಂತ್ಕೊಳ್ಳಿ.

ಆಮೇಲೆ ಹೆಡ್‌ಮಿಸ್‌ಗೆ ಇದೊಂದು ಕೇಳಿ: ‘ನವೆಂಬರ್‌ನಲ್ಲೂ ಓದೋಕೆ ಬರದ ಮಗುವಿಗೆ ನೀವು ಏನು ಮಾಡ್ತೀರಿ?’ ಉತ್ತರ ‘ತಂದೆತಾಯೀನ ಕರೆಸ್ತೀವಿ, ಟ್ಯೂಷನ್‌ಗೆ ಹಾಕಿ ಅಂತೀವಿ’ ಅಂತ ಬಂದರೆ, ಕಲಿಸೋ ಕೆಲಸ ನಿಮ್ಮ ಮನೆಗೆ ಬಂತು ಅಂತ ತಿಳ್ಕೊಳ್ಳಿ. ‘ದಿನಾ ಇಪ್ಪತ್ತು ನಿಮಿಷ ಇಂಥ ಟೀಚರ್ ಇಂಥ ಹೊತ್ತಿಗೆ ಐದು ಮಕ್ಕಳನ್ನ ಕೂರಿಸಿಕೊಳ್ತಾರೆ’ ಅಂತ ಹೆಸರು, ಹೊತ್ತು ಹೇಳಿದರೆ ಅವರು ಅದನ್ನ ನಿಜವಾಗಿ ಮಾಡ್ತಿದ್ದಾರೆ.

ನಿಟುವಳ್ಳಿ_ಅಮ್ಮ

ಎಲ್ಲರಿಗೂ ಬಹಳ ಉಪಕಾರ ಆಯ್ತು. ಮೂರನೇ ಶಾಲೆಯನ್ನ ಸರಸ್‌ನಲ್ಲಿ ಹುಡುಕಿದೆ, ಬರಲಿಲ್ಲ. ಸಂಯೋಜನಾ ಸಂಖ್ಯೆ ಕೇಳಿದ್ದಕ್ಕೆ ಅರ್ಜಿಯ ನಂಬರ್ ಕಳಿಸಿದ್ದಾರೆ. ಶನಿವಾರ ಕಟ್ಟಲ್ಲ. ಪಕ್ಕದ ಮನೆ ಹುಡುಗಿಯ ಎರಡನೇ ಕ್ಲಾಸಿನ ಗಣಿತ ಪುಸ್ತಕ ಇನ್ನೂ ಇಟ್ಟಿದ್ರು, ನೋಡಿದೆ. ಕಳೆಯೋ ಲೆಕ್ಕದ ಪಕ್ಕ ಪೆನ್ಸಿಲಿನಲ್ಲಿ ಕಡ್ಡಿ ಕಟ್ಟು ಬರೆದಿದ್ದಾರೆ, ವರ್ಷಪೂರ್ತಿ ಒಂದೇ ಸಹಿ. ಮಂಗಳವಾರ ಮನೆಯವರನ್ನೂ ಕರ್ಕೊಂಡು ಆ ಶಾಲೆಗೆ ಹೋಗ್ತೀವಿ. ಇನ್ನೇನಾದ್ರೂ ಬಿಟ್ಟಿದ್ದೀನಾ?

ಕಡತ_ಮೇಜು

ಮಾನ್ಯತೆ ಪತ್ರದಲ್ಲಿ 8ರವರೆಗೆ ಇದೆಯಾ, 5ಕ್ಕೇ ನಿಂತಿದೆಯಾ ನೋಡಿ. 5ಕ್ಕೆ ನಿಂತಿದ್ದರೆ ಆರನೇ ಕ್ಲಾಸಿಗೆ ಅಲ್ಲಿನ ಮಕ್ಕಳು ಎಲ್ಲಿಗೆ ಹೋಗ್ತಾರೆ ಅಂತ ಕೇಳಿ. ಯುಕೆಜಿ ಶಾಲೆಯಿಂದ ಟಿಸಿ ತಗೊಳ್ಳೋವಾಗ ಮಗಳ ಹೆಸರು, ನಿಮ್ಮಿಬ್ಬರ ಹೆಸರು, ಇನಿಶಿಯಲ್ ಎಲ್ಲ ಜನನ ಪ್ರಮಾಣಪತ್ರ ಮತ್ತು ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ಕೌಂಟರಿನಲ್ಲೇ ನಿಂತು ಓದಿ. ಒಂದಕ್ಷರ ತಪ್ಪಿದ್ದರೆ ಅಲ್ಲೇ ತಿದ್ದಿಸಿ.

ಕಪ್ಪುಹಲಗೆ

ಮಗಳನ್ನೂ ಕರ್ಕೊಂಡು ಹೋಗಿ. ಟೀಚರ್ ಮೊದಲು ನಿಮ್ಮ ಹತ್ರ ಮಾತಾಡ್ತಾರಾ, ಬಗ್ಗಿ ಅವಳ ಹತ್ರ ಮಾತಾಡ್ತಾರಾ ನೋಡಿ. ಆ ಎರಡನೇ ಕ್ಲಾಸಿನ ಟೀಚರ್ ಮುಂದಿನ ವರ್ಷವೂ ಇರ್ತಾರಾ ಅಂತಲೂ ಕೇಳಿ.